ನಿಂತು ಆಳುವ ದೇವರು

“ದೇವ್ರಾದ್ರೇನ್ಲಾ? ಕುಂಡಿ ಊರ್ದೆ ಇದ್ರೆ ರಾಜ್ಯ ನಡೆಯಕಿಲ್ವಾ ನಿಮ್ ದೇವ್ರಿಗೆ? ನಿಂತ್ಕಂಡೇ ಆಳ್ಲಿ ಬೋಳಿಮಗ.”

ಪಟೇಲ ಪುಟ್ಟರಂಗಯ್ಯನವರು ಈ ಮಾತು ಹೇಳಿದ್ದು ತಮ್ಮ ತೆಂಗಿನ ತೋಟದಲ್ಲಿ, ತಿಪ್ಪಯ್ಯ ಕಾಯಿ ಸುಲಿಯುತ್ತಿದ್ದಾಗ. ಬೋಳಿಮಗ ಎಂದದ್ದು ದೇವರಿಗೋ ತಿಪ್ಪಯ್ಯನಿಗೋ ಗೊತ್ತಾಗಲಿಲ್ಲ. ಇಬ್ಬರೂ ಸುಮ್ಮನಿದ್ದರು. ತಿಪ್ಪಯ್ಯ ಇನ್ನೊಂದು ಕಾಯನ್ನು ಎತ್ತಿ ಕಬ್ಬಿಣದ ಮೊನೆಯ ಮೇಲೆ ಕುಕ್ಕಿ ಸಿಪ್ಪೆ ತಿರುವಿದ. ನಾನು ಪಕ್ಕದಲ್ಲಿ ಸಿಪ್ಪೆ ರಾಶಿ ಹಾಕುತ್ತಿದ್ದೆ.

ಜಗಳ ಒಂದು ಕುರ್ಚಿಯದು. ಎಪ್ಪತ್ತೊಂಬತ್ತನೇ ಇಸವಿಯ ಕ್ರಿಸ್‌ಮಸ್ಸಿಗೆ ನಮ್ಮ ಕೇರಿಯವರು ‘ದೇವರ ರಾಜ್ಯ’ ಅಂತ ಒಂದು ನಾಟಕ ಕಟ್ಟಿದ್ದೆವು. ದೇವರು ರಾಜನಾಗಿ ಬಂದು ಸಿಂಹಾಸನದಲ್ಲಿ ಕೂರುತ್ತಾನೆ, ಆಮೇಲೆ ಲೋಕಕ್ಕೆಲ್ಲ ಮುಗಿಯದ ಶಾಂತಿ. ರಾಜನ ಪಾರ್ಟು ತಿಪ್ಪಯ್ಯನಿಗೆ. ತೋಳ ನಾನು, ಅಡವಿಯಪ್ಪ. ನನ್ನ ಪಕ್ಕದಲ್ಲಿ ಮಲಗುವ ಕುರಿ ಬೆಟ್ಟಸ್ವಾಮಿ. ನಾಟಕದ ಜಾಗ ಪಟೇಲರ ಕಣ, ಯಾಕೆಂದರೆ ಕೇರಿಯಲ್ಲಿ ನಾಲ್ಕು ಜನ ಒಟ್ಟಿಗೆ ಉಗುಳುವಷ್ಟೂ ಜಾಗವಿರಲಿಲ್ಲ. ಕಣ ಕೊಟ್ಟ ಮೇಲೆ ಅಧ್ಯಕ್ಷತೆಯೂ ಪಟೇಲರದ್ದೇ. ಅಧ್ಯಕ್ಷರು ಬಂದು ಎದುರಿಗೆ ಕೂತಿರುವಾಗ ಕೇರಿಯ ತಿಪ್ಪ ಅವರಿಗಿಂತ ಎತ್ತರದಲ್ಲಿ ಕೂರುವುದುಂಟೆ?

ನಮ್ಮೂರಲ್ಲಿ ಪಟೇಲರು ಕಣ್ಣಿಗೆ ಬಿದ್ದರೆ ಕೇರಿಯವರು ಎದ್ದು ನಿಲ್ಲಬೇಕು. ಉಣ್ಣುತ್ತಿದ್ದವನು ತಟ್ಟೆ ಬಿಟ್ಟು ಏಳಬೇಕು, ಹಾಲೂಡಿಸುತ್ತಿದ್ದವಳು ಮಗುವನ್ನು ಎದೆಗವಚಿಕೊಂಡೇ ಏಳಬೇಕು. ಹಿಂದಿನ ಮಳೆಗಾಲದಲ್ಲಿ ತಿಪ್ಪಯ್ಯನ ತಾಯಿ ಭದ್ರಮ್ಮ ಚಳಿಜ್ವರ ಬಂದು ಬಾಗಿಲಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಪಟೇಲರು ಆ ದಾರಿಯಲ್ಲಿ ಬಂದವರು ನಿಂತರು. ಬೈಯಲಿಲ್ಲ, ಗದರಲಿಲ್ಲ. ಬಹಳ ತಾಳ್ಮೆಯ ಮನುಷ್ಯ, ನಿಂತು ಕಾದರು ಅಷ್ಟೇ. ಮುದುಕಿ ಗೋಡೆ ಹಿಡಿದು, ಜಾರಿ, ಮತ್ತೆ ಹಿಡಿದು, ಅಂತೂ ಎದ್ದು ನಿಂತ ಮೇಲೆ “ಮೈ ಉಷಾರಾಗೈತಾ ಬದ್ರಿ?” ಎಂದು ವಿಚಾರಿಸಿಕೊಂಡು ಹೋದರು. ತಿಪ್ಪಯ್ಯ ಆಗ ಅವರ ಹಿಂದೆಯೇ ಕಾಯಿಯ ಮೂಟೆ ಹೊತ್ತುಕೊಂಡು ನಿಂತಿದ್ದ. ತಾಯಿಯನ್ನು ಹಿಡಿದುಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.

ನಾವು ಕೇರಿಯವರೆಲ್ಲ ಕ್ರಿಸ್ತನ ಕಡೆ ಹೋದದ್ದು ಪಾಪಕ್ಷಮೆಗಾಗಿ ಎಂದು ನಮ್ಮ ಸಭಾಪಾಲಕರಾದ ಪ್ರಭುದಾಸ ಅಯ್ಯನವರು ಮೇಲಿನವರಿಗೆ ತಿಳಿಸಿದ್ದರಂತೆ. ನಿಜ ಹೇಳಬೇಕೆಂದರೆ ನಾವು ಹೋದದ್ದು ಬೆಂಚಿಗಾಗಿ. ತುಮಕೂರಿನ ಕ್ರಿಸ್ತನ ಗುಡಿಯಲ್ಲಿ ಮೊದಲ ಸಲ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಬೆನ್ನಿಗೆ ಒರಗು, ಕಾಲು ಇಳಿಬಿಟ್ಟುಕೊಳ್ಳಲು ಜಾಗ. ದೇವರ ಎದುರಿಗೇ ಕೂತಿದ್ದರೂ ಯಾರೂ ‘ಕೆಳಗಿಳಿಯೋ’ ಎನ್ನಲಿಲ್ಲ. ನಾವು ಕೂತ ಕೂಡಲೇ ಅದೇ ಬೆಂಚಿನಲ್ಲಿದ್ದ ಪೇಟೆಯ ಕ್ರೈಸ್ತರು ಒಂದಷ್ಟು ಸರಿದು ಕೂತರು. ನಮಗೆ ಜಾಗ ಮಾಡಿಕೊಡುತ್ತಿದ್ದಾರೆ ಅಂದುಕೊಂಡು ನಾವು ಇನ್ನಷ್ಟು ಹತ್ತಿರ ಹೋದೆವು. ಅವರು ಇನ್ನಷ್ಟು ಸರಿದರು. ಆರಾಧನೆ ಮುಗಿಯುವ ಹೊತ್ತಿಗೆ ಇಡೀ ಬೆಂಚು ನಮ್ಮದೇ ಆಗಿತ್ತು.

ಸಿಂಹಾಸನ ತರಲು ತಿಪ್ಪಯ್ಯನೂ ನಾನೂ ಗುಬ್ಬಿಗೆ ಹೋಗಿದ್ದೆವು. ಅಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವ ರಂಗಣ್ಣನ ಅಂಗಡಿ. ಕೆಂಪು ಮಖಮಲ್ಲು, ಎರಡು ಕಡೆ ಚಿನ್ನದ ಬಣ್ಣ ಬಳಿದ ಸಿಂಹ.

“ಗದೆ ಎಷ್ಟು ಬೇಕು?” ಎಂದ ರಂಗಣ್ಣ.

“ಗದೆ ಬ್ಯಾಡ ಸ್ವಾಮಿ. ನಮ್ ನಾಟ್ಕದಾಗೆ ಯುದ್ದ ಇಲ್ಲ. ಶಾಂತಿ.”

“ಶಾಂತಿ ಅಂದ್ರೆ ಜನ ಎದ್ದೋಯ್ತಾರೆ ಕಣಯ್ಯಾ. ರಾಕ್ಷಸನಾದ್ರೂ ಅವ್ನಾ?”

“ನಾಟ್ಕದಾಗಿಲ್ಲ. ನೋಡಕ್ ಬತ್ತಾನೆ,” ಎಂದ ತಿಪ್ಪಯ್ಯ.

ರಂಗಣ್ಣ ನಕ್ಕು ಕಿರೀಟವನ್ನು ಪುಕ್ಕಟೆ ಕೊಟ್ಟ. ಕಟ್ಟಿಗೆ ಗಾಡಿಯಲ್ಲಿ ಸಿಂಹಾಸನ ಹೇರಿಕೊಂಡು ಬರುವಾಗ ದಾರಿಯುದ್ದಕ್ಕೂ ತಿಪ್ಪಯ್ಯ ಅದರ ಪಕ್ಕದಲ್ಲೇ ನಡೆದು ಬಂದ. ಒಂದು ಸಲವೂ ಹತ್ತಿ ಕೂರಲಿಲ್ಲ. ನಾನು ಕೂತು ನೋಡಿದೆ. ಮೆತ್ತಗಿತ್ತು.

ನಾಟಕದ ಹಿಂದಿನ ದಿನ ಅಯ್ಯನವರು ತುಮಕೂರಿನಿಂದ ಬಸ್ಸಿನಲ್ಲಿ ಬಂದು ತಿಪ್ಪಯ್ಯನ ಮನೆಯಲ್ಲಿ ಮುದ್ದೆ ಉಂಡರು. ಕೇರಿಯಲ್ಲಿ ನೆಲಕ್ಕೆ ಕೂತು ಉಂಡ ಮೊದಲ ಪ್ಯಾಂಟಿನ ಮನುಷ್ಯ ಅವರು. ಅವರನ್ನು ಕಂಡರೆ ನನಗೆ ಬಹಳ ಪ್ರೀತಿ. ಅದಕ್ಕೇ ಅವತ್ತು ಅಷ್ಟೊಂದು ಸಿಟ್ಟು ಬಂತು.

ಕೈ ತೊಳೆದು ಅವರು ಮೆಲ್ಲಗೆ ಶುರು ಮಾಡಿದರು. “ನೋಡು ತಿಪ್ಪಯ್ಯ, ಪಟೇಲರ ಹತ್ರ ಮಾತಾಡಿದೀನಿ. ಸಿಂಹಾಸನ ಇರ್ಲಿ ಅಂದ್ರು, ಚೆಂದಕ್ಕೆ. ನೀನು ಪಕ್ಕದಲ್ಲಿ ಅದರ ಮೇಲೆ ಕೈ ಇಟ್ಕೊಂಡು ನಿಂತ್ಕೊಂಡ್ರೆ ಸಾಕು. ನಾಟಕ ಮುಗಿದ ಮೇಲೆ ಪ್ರಾರ್ಥನಾ ಮಂದಿರಕ್ಕೆ ಜಾಗ ಕೊಡ್ತೀನಿ ಅಂತ ಎಲ್ಲರ ಮುಂದೆ ಹೇಳ್ತಾರಂತೆ. ಎಷ್ಟು ವರ್ಷದಿಂದ ಕೇಳ್ತಾ ಇದೀವಿ.”

“ದೇವ್ರು ನಿಂತ್ಕಬೇಕು ಅಂತೀರಾ.”

“ನಮ್ಮ ಪ್ರಭು ಶಿಷ್ಯರ ಕಾಲು ತೊಳೆದವನಪ್ಪ. ಅವನಿಗೆ ಕುರ್ಚಿ ಆಸೆ ಎಲ್ಲಿ?”

“ಅವ್ರು ತಾವಾಗೇ ಬಗ್ಗಿದ್ರು ಅಯ್ನೋರೆ. ಯಾವನೋ ಬಗ್ಗಲಾ ಅಂದಿದ್ಕಲ್ಲ.”

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಗಾಜು ಮೊದಲೇ ಚೊಕ್ಕಟವಾಗಿತ್ತು.

“ಶಾಂತಿಗೋಸ್ಕರ ತಿಪ್ಪಯ್ಯ,” ಎಂದರು.

“ಹೋದ್ ತಿಂಗ್ಳು ನೀವೇ ಅಂದ್ರಿ. ಗಲಾಟೆ ಇಲ್ದೆ ಇರೋದು ಶಾಂತಿ ಅಲ್ಲ, ನ್ಯಾಯ ಬಂದು ಕುಂತ್ಕಳಾದೇ ಶಾಂತಿ, ದೇವ್ರು ಆಳಾದು ಅಂದ್ರೆ ಅದೇ ಅಂತ. ನಾನು ಅದ್ನೇ ಬಾಯಿಪಾಠ ಮಾಡ್ಕಂಡಿವ್ನಿ.”

“ಅದು ಕಡೆಗಾಲಕ್ಕೆ ಬರೋ ರಾಜ್ಯ ಕಣಪ್ಪ. ಈಗ ಸದ್ಯಕ್ಕೆ ಜಾಗ ಸಿಗ್ಲಿ.”

ಒಳಗಿನಿಂದ ತಿಪ್ಪಯ್ಯನ ಹೆಂಡತಿ ರಂಗಮ್ಮ ಬಾಗಿಲಿಗೆ ಬಂದಳು. “ಅಲ್ಲಾ ಕಣೋ, ಕುಂತ್ಕಂಡು ಏನ್ ಕಡ್ದಾಕ್ತೀಯ? ನಾಳೀಕೆ ತೋಟದ್ ಕೆಲ್ಸ ಹೋದ್ರೆ ಮಕ್ಳ ಬಾಯಿಗೆ ಮಣ್ಣಾಕ್ತೀಯಾ? ಗುಬ್ಬಿವರ್ಗೂ ಯಾವ್ ತೋಟದೋನು ಸೇರುಸ್ತಾನೆ ನಿನ್ನ?” ಆಮೇಲೆ ಅಯ್ಯನವರ ಕಡೆ ತಿರುಗಿದಳು. “ನೀವೂ ಅಷ್ಟೇ ಅಯ್ನೋರೆ. ಆವಯ್ಯ ಜಾಗ ಕೊಟ್ಟು ನಾವು ಗುಡಿ ಕಟ್ಟಿದ್ರೆ, ಆವಯ್ಯ ಅದ್ರ ಮುಂದೆ ಹೋಗ್ವಾಗೆಲ್ಲಾ ಒಳಗಿರೋ ನಿಮ್ ದೇವ್ರನ್ನ ಎದ್ ನಿಲ್ಲುಸ್ತೀರಾ?”

ತಿಪ್ಪಯ್ಯ “ನೋಡಾನ ಬುಡಿ” ಎಂದ. ಅಯ್ಯನವರು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡು ಪಟೇಲರ ಮನೆಗೆ ಹೋಗಿ ಹೇಳಿ ಬಂದರು. ಪೇಟೆಯವರಿಗೆ ನಮ್ಮ ಮಾತು ಅರ್ಥವಾಗುವುದು ಅವರಿಗೆ ಬೇಕಾದಷ್ಟೇ.

ಮಾರನೆಯ ದಿನ ಹೊತ್ತು ಮುಳುಗುವ ಮುಂಚೆಯೇ ನಾಟಕ. ಕೇರಿಯವರ ನಡುವೆ ದೀಪ ಹಚ್ಚುವ ಹೊತ್ತಿನವರೆಗೂ ಕೂರುವುದು ಪಟೇಲರಿಗೆ ಆಗಿಬರುತ್ತಿರಲಿಲ್ಲ, ಅಯ್ಯನವರಿಗೆ ಕೊನೆಯ ಬಸ್ಸು ಹಿಡಿಯಬೇಕಿತ್ತು. ಎರಡು ಗಾಡಿ ಜೋಡಿಸಿ ಹಲಗೆ ಹಾಸಿದ್ದೇ ರಂಗ, ಅದರ ಮೇಲೆ ಸಿಂಹಾಸನ. ಎದುರಿಗೆ ಪಟೇಲರ ಮನೆಯಿಂದಲೇ ಬಂದ ಕೈಕುರ್ಚಿ. ಪಟೇಲರು ಜರಿ ಪೇಟ ಸುತ್ತಿ ಬಂದಿದ್ದರು. ಅವರು ಬಂದಾಗ ನಾವೆಲ್ಲ ಎದ್ದೆವು. ಅವರು ಕೂತಾಗ ನೆಲದ ಮೇಲೆ ಕೂತೆವು. ಊರಿನವರು ಕಣದ ಬೇಲಿಯಾಚೆ ನಿಂತೇ ನೋಡಿದರು. ಪಟೇಲರ ಆಳುಗಳೂ ಅಲ್ಲೇ ಇದ್ದರು.

ಶುರುವಿನಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ರಟ್ಟಿನ ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡಿದೆವು. ಪಟೇಲರು ತಲೆದೂಗಿದರು, ಉಳುವ ಸಾಮಾನು ಹೆಚ್ಚಾದರೆ ಅವರಿಗೇನು ನಷ್ಟ? ನಾನು ಕರಿ ಕಂಬಳಿ ಹೊದ್ದು ಅಂಬೆಗಾಲಿಕ್ಕಿ ಬಂದೆ, ಬೆಟ್ಟಸ್ವಾಮಿ ಬಿಳಿ ದುಪ್ಪಟಿಯಲ್ಲಿ ಬಂದ. ತೋಳ ಕುರಿ ಎರಡೂ ಸಿಂಹಾಸನದ ಬುಡದಲ್ಲಿ ಒಟ್ಟಿಗೆ ಮಲಗಿದವು. ಜನ ನಕ್ಕರು. ಪಟೇಲರೂ ನಕ್ಕು, “ನೋಡಿದ್ರೇನ್ರಲಾ, ಕುರಿ ಸುಮ್ಕಿದ್ರೆ ತೋಳ ಏನೂ ಮಾಡಕಿಲ್ಲ” ಎಂದು ಗಟ್ಟಿಯಾಗಿ ಹೇಳಿದರು. ಅಯ್ಯನವರು ನಗಲಿಲ್ಲ, ಆದರೆ ಅಲ್ಲ ಎಂದೂ ಹೇಳಲಿಲ್ಲ.

ಆಮೇಲೆ ತಿಪ್ಪಯ್ಯ ಬಂದ. ಬಿಳಿ ಪಂಚೆ, ತಲೆಯ ಮೇಲೆ ರಂಗಣ್ಣನ ಕಿರೀಟ. ಕಾಯಿ ಸುಲಿದು ಒಡೆದ ಅಂಗೈಯನ್ನು ಸಿಂಹದ ತಲೆಯ ಮೇಲಿಟ್ಟು, ಹೇಳಿಕೊಟ್ಟ ಹಾಗೆ ಪಕ್ಕದಲ್ಲಿ ನಿಂತ. ಅಯ್ಯನವರು ಉಸಿರು ಬಿಟ್ಟರು. ತಿಪ್ಪಯ್ಯ ಒಮ್ಮೆ ಜನರನ್ನು ನೋಡಿದ. ಆಮೇಲೆ ಪಂಚೆಯನ್ನು ಸರಿಮಾಡಿಕೊಂಡು ಕೂತ.

ಆತುರ ಮಾಡಲಿಲ್ಲ. ಬೆನ್ನು ಒರಗಿಸಿ, ಎರಡು ಕೈಗಳನ್ನೂ ಎರಡು ಸಿಂಹಗಳ ಮೇಲಿಟ್ಟು, ಪೂರ್ತಿಯಾಗಿ ಕೂತ. ಕಂಬಳಿಯೊಳಗಿದ್ದ ನನಗೆ ಹೆದರಿಕೆಯಾದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಖುಷಿ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

“ಏಯ್ ತಿಪ್ಪ,” ಎಂದರು ಪಟೇಲರು. “ಎದ್ದೇಳ್ಲಾ ಸೂಳೆಮಗ್ನೆ.”

“ನನ್ನ ರಾಜ್ಯಕ್ಕೆ ಕೊನೆ ಇಲ್ಲ,” ಎಂದ ತಿಪ್ಪಯ್ಯ. ಅದು ಅವನ ಪಾರ್ಟಿನ ಮಾತೇ.

ಬೇಲಿಯಾಚೆ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯನವರು ಪಟೇಲರ ಕುರ್ಚಿಯ ಹತ್ತಿರ ಓಡಿಬಂದರು. ಸಿಂಹಾಸನದ ಬುಡದಲ್ಲಿ, ರಂಗದ ಅಂಚಿಗೇ ಮಲಗಿದ್ದ ನನಗೆ ಅವರ ಪಿಸುಮಾತೆಲ್ಲ ಕೇಳಿಸಿತು.

“ಒಂದ್ ನಿಮಿಷ ಪಟೇಲ್ರೇ, ಗಲಾಟೆ ಬೇಡ. ಶಾಂತಿಗಾಗಿ ಪ್ರಾರ್ಥನೆ ಅಂತೀನಿ. ನಮ್ಮಲ್ಲಿ ಪ್ರಾರ್ಥನೆ ಅಂದ್ರೆ ಎಲ್ಲರೂ ಎದ್ದು ನಿಲ್ಲಬೇಕು. ಅವನೂ ಎದ್ದೇಳ್ತಾನೆ. ಆಮೇಲೆ ಕೂರಕ್ಕೆ ಬಿಡಲ್ಲ. ನಿಮ್ಮ ಮರ್ಯಾದೆ ಉಳೀತು, ನಮ್ಮ ಕಾರ್ಯಕ್ರಮವೂ ಉಳೀತು.”

ಪಟೇಲರು ತೂಗಿ ನೋಡಿ, ಹೂಂ ಎಂದರು. ಅಯ್ಯನವರು ಕೈಯೆತ್ತಿ, “ಈಗ ದೇವರ ನಿತ್ಯ ಸಮಾಧಾನಕ್ಕಾಗಿ ಎಲ್ಲರೂ ಎದ್ದು ನಿಂತು ಪ್ರಾರ್ಥಿಸೋಣ” ಎಂದರು.

ಕೇರಿ ಎದ್ದಿತು. ಭದ್ರಮ್ಮ ಎದ್ದಳು, ರಂಗಮ್ಮ ಮಗುವನ್ನು ಎತ್ತಿಕೊಂಡು ಎದ್ದಳು. ಪಟೇಲರೂ ಎದ್ದು, ಗುಬ್ಬಿಯ ಸಭೆ-ಸಮಾರಂಭಗಳಲ್ಲಿ ರೂಢಿಯಿದ್ದ ಹಾಗೆ ಎದೆಯ ಮುಂದೆ ಕೈ ಮುಗಿದರು.

“ಎದ್ದೇಳನೇನ್ಲಾ?” ಎಂದ ಬೆಟ್ಟಸ್ವಾಮಿ ದುಪ್ಪಟಿಯೊಳಗಿಂದ.

“ನಾವು ಪ್ರಾಣಿಗಳು ಕಣ್ಲಾ. ಸುಮ್ನೆ ಬಿದ್ಕ.”

ತಿಪ್ಪಯ್ಯ ಏಳಲಿಲ್ಲ.

ಅಯ್ಯನವರು ಕಣ್ಣು ಸನ್ನೆ ಮಾಡಿದರು, ಕೈ ಸನ್ನೆ ಮಾಡಿದರು, ಕೊನೆಗೆ ರಂಗದ ಅಂಚಿಗೆ ಬಂದು “ಏಳಯ್ಯಾ, ಪ್ರಾರ್ಥನೆ” ಎಂದು ಹಲ್ಲು ಕಚ್ಚಿ ಹೇಳಿದರು.

“ಯಾರ್ಗೆ ಅಯ್ನೋರೆ ಪ್ರಾರ್ಥನೆ?”

“ದೇವರಿಗೆ.”

“ನಾನೇ ಎದ್ ನಿಂತ್ರೆ ನೀವೆಲ್ಲಾ ಖಾಲಿ ಕುರ್ಚಿಗೆ ಕೈ ಮುಗ್ದಂಗಾಯ್ತದೆ. ನಡೀಲಿ.”

ಇದನ್ನು ಅವನು ಮೆಲ್ಲಗೇ ಹೇಳಿದ. ಆದರೂ ಕಣಕ್ಕೆಲ್ಲ ಕೇಳಿಸಿತು. ಭದ್ರಮ್ಮ ತಲೆಯೆತ್ತಿ ನೋಡಿದಳು. ಮೇಲೆ ಕಿರೀಟ ಹಾಕಿಕೊಂಡು ಕೂತಿದ್ದ ಮಗ, ಅವನ ಮುಂದೆ ಜರಿ ಪೇಟ ಸುತ್ತಿ ಕೈ ಮುಗಿದು ನಿಂತಿದ್ದ ಪಟೇಲರು. ಅದು ಪಟೇಲರಿಗೂ ಆಗಲೇ ಗೊತ್ತಾಗಿದ್ದು. ಕೈ ಬಿಟ್ಟು ಕೂರಲು ಹೋದರೆ ಊರೆಲ್ಲ ನೋಡುತ್ತಿದೆ, ಪಟೇಲರು ದೇವರ ಪ್ರಾರ್ಥನೆ ಅರ್ಧಕ್ಕೆ ಬಿಟ್ಟರು ಎಂದಾಗುತ್ತದೆ. ನಿಂತೇ ಇದ್ದರೆ ತಿಪ್ಪನಿಗೆ ಕೈ ಮುಗಿದಂತಾಗುತ್ತದೆ. ಅವರ ಕತ್ತಿನ ನರ ಉಬ್ಬಿತು. ಕೈ ಮುಗಿದೇ ಇತ್ತು.

ಅಯ್ಯನವರು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಲೋಕದ ಶಾಂತಿಗಾಗಿ ಬೇಡಿದರು. ದೇಶದ ಶಾಂತಿಗಾಗಿ, ತುಮಕೂರಿನ ಶಾಂತಿಗಾಗಿ, ಗುಬ್ಬಿಯ, ಕುಣಿಗಲಿನ ಶಾಂತಿಗಾಗಿ ಬೇಡಿದರು. ಪಟೇಲರ ಕುಟುಂಬಕ್ಕಾಗಿ, ಅವರ ತೆಂಗಿನ ಮರಗಳಿಗಾಗಿ, ಮರದ ಅಣಬೆರೋಗ ವಾಸಿಯಾಗಲೆಂದು ಬೇಡಿದರು. ರಸ್ತೆಯಲ್ಲಿ ಕೊನೆಯ ಬಸ್ಸು ಹಾರ್ನ್ ಹೊಡೆದು, ನಿಂತು, ಹೊರಟುಹೋಯಿತು. ಅವರು ಕಣ್ಣು ತೆರೆಯಲಿಲ್ಲ. ಆಮೆನ್ ಎಂದ ಮರುಗಳಿಗೆ ಏನಾಗುತ್ತದೆಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವರ ಹಣೆಯಿಂದ ಬೆವರು ಇಳಿದು ಕೊರಳ ಪಟ್ಟಿ ನೆನೆದಿತ್ತು.

ಬೇಲಿಯಾಚೆ ಆಳುಗಳು ಒಂದೊಂದೇ ಗೂಟ ಕೀಳುವ ಸದ್ದು ಕೇಳಿಸುತ್ತಿತ್ತು. ನಾನು ಕಂಬಳಿಯನ್ನು ಭುಜದಿಂದ ಜಾರಿಸಿ, ಓಡಲೂ ಆಗುವಂತೆ, ಹೊಡೆಯಲೂ ಆಗುವಂತೆ ಮಂಡಿಯೂರಿ ಕೂತೆ. ಬೆಟ್ಟಸ್ವಾಮಿಯೂ ದುಪ್ಪಟಿಯನ್ನು ಸೊಂಟಕ್ಕೆ ಬಿಗಿದುಕೊಂಡ.

ಬೇಡಲು ಇನ್ನೇನೂ ಸಿಗದೆ ಅಯ್ಯನವರ ಮಾತು ತಡವರಿಸಿ ನಿಂತಿತು.

ತಿಪ್ಪಯ್ಯ ಕಾಲ ಮೇಲೆ ಕಾಲು ಹಾಕಿಕೊಂಡ. “ನಿಲ್ಲುಸ್ಬ್ಯಾಡಿ ಅಯ್ನೋರೆ,” ಎಂದ, “ಕೇಳುಸ್ಕತಾ ಇವ್ನಿ.”