ಅನುಜಾಳ ಹೆಸರಿಲ್ಲದ ಅರ್ಜಿ

ಕೆನಡಾಕ್ಕೆ ಹೋಗಿ ನೆಲೆಸಬೇಕೆಂಬ ಹಂಬಲ ಮಾರ್ತಾಂಡ ಕಟಗೇರಿಗೆ ಹುಟ್ಟಿದ್ದು ವಿಚ್ಛೇದನ ಆದ ಮೇಲೆ. ಧಾರವಾಡದಲ್ಲಿ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದಿದ್ದ ಅವನು ರಾಂಜಣಗಾಂವದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಲೋಹದ ಅಚ್ಚುಗಳನ್ನು, ಅಂದರೆ ಡೈಗಳನ್ನು, ಮಾಡುತ್ತಿದ್ದ. ಒಳ್ಳೆಯ ಕೈ ಎಂದು ಹೆಸರಿತ್ತು. ಮನೆಯಲ್ಲಿ ಮಾತ್ರ ಯಾವುದೂ ಹೊಂದಲಿಲ್ಲ. ಶಾಮಲಾಳ ಜೊತೆ ಐದು ವರ್ಷ ಹೇಗೋ ತಳ್ಳಿದ ಮೇಲೆ, ತೊಂಬತ್ತೊಂಬತ್ತರಲ್ಲಿ ಇಬ್ಬರೂ ಒಪ್ಪಿಯೇ ಕೋರ್ಟಿನಲ್ಲಿ ಬೇರೆಯಾದರು. ಮೂರು ವರ್ಷದ ಮಗಳು ಅನುಜಾ ತಾಯಿಯೊಂದಿಗೆ ಬಿಬವೇವಾಡಿಯ ಅಜ್ಜಿ ರಂಗೂಬಾಯಿಯ ಮನೆ ಸೇರಿದಳು. ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಅವಳನ್ನು ಕರೆದೊಯ್ಯಲು ಮಾರ್ತಾಂಡನಿಗೆ ಪರವಾನಗಿ ಇತ್ತು.

ಉಳಿದ ಆರು ದಿನ ಖಾಲಿ ಮನೆ. ಕಾರ್ಖಾನೆಯಲ್ಲಿ ಯಾರೋ ಹೇಳಿದರು, ಟೂಲ್‌ರೂಮಿನವರಿಗೆ ಕೆನಡಾದಲ್ಲಿ ಬೇಡಿಕೆ ಇದೆ, ಕುಟುಂಬ ಸಮೇತ ಕಾಯಂ ಇರಲು ಬಿಡುತ್ತಾರೆ ಎಂದು. ಎರಡು ಸಾವಿರದ ಒಂದರಲ್ಲಿ ಅವನು ಪುಣೆಯ ಕ್ಯಾಂಪ್ ಬಡಾವಣೆಯ ಒಂದು ವೀಸಾ ಕನ್ಸಲ್ಟನ್ಸಿಯ ಮೆಟ್ಟಿಲು ಹತ್ತಿದ. ಅದನ್ನು ನಡೆಸುತ್ತಿದ್ದವನು ಪ್ರಲ್ಹಾದ, ಬೆಳಗಾವಿಯವ, ಮರಾಠಿ ಎಷ್ಟೋ ಕನ್ನಡವೂ ಅಷ್ಟೇ ಸರಾಗ. ಅರ್ಜಿ ತುಂಬುತ್ತ ಮಕ್ಕಳ ಅಂಕಣಕ್ಕೆ ಬಂದಾಗ ಪೆನ್ನು ನಿಲ್ಲಿಸಿದ.

“ಹುಡುಗಿ ತಾಯಿ ಕಡೆ ಅದ ಅಂದ್ರಿ. ನಿಮ್ಮ ಜೋಡಿ ಬರಂಗಿಲ್ಲ. ಆದ್ರೂ ಹೆಸರು ಬರದ್ರ ಆಕಿದೂ ಮೆಡಿಕಲ್ ಮಾಡಸ್ಬೇಕಾಗ್ತದ್ರಿ. ತಾಯಿ ಸಹಿ ಬೇಕು. ಕೊಡ್ತಾರೇನು?”

“ಕೇಳಿ ನೋಡ್ತೀನಿ,” ಎಂದ ಮಾರ್ತಾಂಡ.

ಮುಂದಿನ ಭಾನುವಾರ ಸಂಜೆ ಮಗಳನ್ನು ಬಿಡಲು ಹೋದಾಗ ಗೇಟಿನಲ್ಲಿ ನಿಂತೇ ಕೇಳಿದ. ಶಾಮಲಾ ಅನುಜಾಳನ್ನು ತನ್ನತ್ತ ಎಳೆದುಕೊಂಡಳು.

“ತಪಾಸಣಿ ಯಾಕ? ನಾಳೆ ಹುಡುಗೀನ್ನ ಎತ್ತಿಕೊಂಡು ಹೋಗ್ಲಿಕ್ಕೆ ಹಾದಿ ಮಾಡ್ಲಿಕ್ಕತ್ತೀರೇನು?”

“ಇಲ್ಲ, ಬರೇ ಕಾಗದಕ್ಕ ಬೇಕಾಗೇದ.”

“ನನ್ನ ಮಗಳು ಯಾವ ಕಾಗದಕ್ಕೂ ಬರಂಗಿಲ್ಲ. ಇನ್ನೊಮ್ಮೆ ಈ ಮಾತು ತೆಗದ್ರ ಭಾನುವಾರನೂ ಬಂದ್ ಮಾಡ್ತೀನಿ, ನೋಡ್ರಿ.”

ಭಾನುವಾರ ಬಂದ್ ಎಂದ ಮೇಲೆ ಮಾರ್ತಾಂಡ ಮತ್ತೆ ಆ ಮಾತು ತೆಗೆಯಲಿಲ್ಲ. ಪ್ರಲ್ಹಾದನಿಗೆ ಇದನ್ನು ಹೇಳಿದಾಗ ಅವನು ಸಲೀಸಾಗಿ ನಕ್ಕ. “ಬಿಡ್ರಿ ಹಂಗಾರ. ಡೈವೋರ್ಸ್ ಆಗೇದ, ಮಕ್ಕಳಿಲ್ಲ ಅಂತ ಬರೀತೀನಿ. ಮುಂದ ಕರಸೋದಾದ್ರ ಅಲ್ಲಿಂದ ಸ್ಪಾನ್ಸರ್ ಮಾಡ್ರಿ. ಅದೇನು ದೊಡ್ಡ ಮಾತಲ್ಲ.” ಮಾರ್ತಾಂಡ ಆ ಅಂಕಣವನ್ನು ಇನ್ನೊಮ್ಮೆ ಓದಿದ. ಆದರೂ ಸಹಿ ಮಾಡಿದ.

ವೀಸಾ ಬರಲು ಮೂರು ವರ್ಷ ಹಿಡಿಯಿತು. ಎರಡು ಸಾವಿರದ ನಾಲ್ಕರ ಸಪ್ಟೆಂಬರಿನಲ್ಲಿ, ಅದರ ಅವಧಿ ಮುಗಿಯಲು ಒಂದೇ ವಾರ ಉಳಿದಿದ್ದಾಗ, ಅವನು ಟೊರಾಂಟೊದಲ್ಲಿ ಇಳಿದ. ಹೊಸದಾಗಿ ನೆಲೆಸಲು ಬಂದವರನ್ನು ಬೇರೆ ಕೋಣೆಗೆ ಕಳಿಸುತ್ತಿದ್ದರು. ಅಲ್ಲಿ ನರೆಗೂದಲಿನ ಅಧಿಕಾರಿಯೊಬ್ಬರು ಅವನ ಕಾಗದಗಳನ್ನು ಒಂದೊಂದಾಗಿ ತಿರುವಿ, ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು: “ಈ ಕಾಗದದಲ್ಲಿ ಇಲ್ಲದ ಹೆಂಡತಿ, ಮಕ್ಕಳು ಯಾರಾದರೂ ಇದ್ದಾರೆಯೇ? ನಿಮ್ಮ ಜೊತೆ ಬಂದಿರಲಿ, ಬರದೇ ಇರಲಿ.”

ಇದ್ದಾಳೆ ಎಂದರೆ, ಮೊದಲು ಯಾಕೆ ಮುಚ್ಚಿಟ್ಟೆ ಎನ್ನುತ್ತಾರೆ, ಬಂದ ವಿಮಾನಕ್ಕೇ ಹತ್ತಿಸಿ ಕಳಿಸುತ್ತಾರೆ ಎಂದು ಮಾರ್ತಾಂಡನಿಗೆ ಹೆದರಿಕೆಯಾಯಿತು.

“ಇಲ್ಲ,” ಎಂದ.

ಅಧಿಕಾರಿ ಮುದ್ರೆ ಒತ್ತಿ, ಕೈ ಕುಲುಕಿ, ಒಳ್ಳೆಯದಾಗಲಿ ಎಂದರು.

ಹನ್ನೆರಡು ದಿನಕ್ಕೆ ಮಾರ್ತಾಂಡ ಪುಣೆಗೆ ವಾಪಸಾದ. ಕಾರ್ಖಾನೆಯಲ್ಲಿ ಸಿಕ್ಕ ರಜೆಯೇ ಅಷ್ಟು. ಕಾಯಂ ನಿವಾಸಿಯ ಕಾರ್ಡು ಐದು ವರ್ಷದ್ದು. ಆ ಐದರಲ್ಲಿ ಒಟ್ಟು ಎರಡು ವರ್ಷ ಅಲ್ಲಿ ಇದ್ದು ತೋರಿಸಿದರೆ ಮಾತ್ರ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ರಾಜೀನಾಮೆ ಕೊಟ್ಟು ಹೊರಡಬೇಕೆಂದುಕೊಂಡಾಗಲೆಲ್ಲ ಭಾನುವಾರ ಬಂದುಬಿಡುತ್ತಿತ್ತು. ಅನುಜಾ ಸೈಕಲ್ ಕಲಿಯುತ್ತಿದ್ದಳು. ಕೈ ಬಿಟ್ಟರೆ ಕಿರುಚುತ್ತಿದ್ದಳು, ಹಿಡಿದರೆ ಬೈಯುತ್ತಿದ್ದಳು. ಹೀಗೆ ಒಂದೂವರೆ ವರ್ಷ ಜಾರಿತು. ಇನ್ನೂ ತಡಮಾಡಿದರೆ ಎಲ್ಲ ಕೈತಪ್ಪುತ್ತದೆ ಎಂದು ಎರಡು ಸಾವಿರದ ಆರರ ಮಾರ್ಚಿನಲ್ಲಿ ಕೊನೆಗೂ ಹೋದ. ಟೊರಾಂಟೊದ ಪಕ್ಕದ ಊರಿನಲ್ಲಿ ಒಂದು ನೆಲಮಾಳಿಗೆಯ ಕೋಣೆ ಹಿಡಿದ, ಯಂತ್ರದ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕೆ ನಿಂತ. ವಾರಕ್ಕೊಮ್ಮೆ ಕಾಲಿಂಗ್ ಕಾರ್ಡು ಕೊಂಡು ಬಿಬವೇವಾಡಿಗೆ ಫೋನು ಮಾಡುತ್ತಿದ್ದ.

ಮರುವರ್ಷದ ಜನವರಿಯಲ್ಲಿ ಒಂದು ದಿನ ಫೋನನ್ನು ಶಾಮಲಾ ತಾನೇ ಎತ್ತಿದಳು. ಧ್ವನಿ ಗುರುತು ಸಿಗದಷ್ಟು ಬತ್ತಿತ್ತು. ಎರಡೂ ಮೂತ್ರಪಿಂಡ ಕೆಟ್ಟಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆದಿದೆ ಎಂದಳು.

“ಆವತ್ತು ನಾನು ಬ್ಯಾಡ ಅಂದಿದ್ದೆ. ಈಗ ನಾನೇ ಹೇಳ್ತೀನಿ. ಅವ್ವಗ ವಯಸ್ಸಾಗೇದ. ನನ್ನ ಹಿಂದ ಆಕಿನ್ನ ನಿಮ್ಮ ಕಡೆ ಕರಕೊಂಡು ಹೋಗ್ರಿ.”

ಮಾರ್ತಾಂಡ ಸಿಕ್ಕ ವಿಮಾನ ಹಿಡಿದು ಬಂದ. ಆಸ್ಪತ್ರೆಯ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಅರ್ಜಿಯ ವಿಷಯ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದ. ಶಾಮಲಾ ತನ್ನದೇ ಯೋಚನೆಯಲ್ಲಿದ್ದಳು.

“ಅಲ್ಲಿ ಭಾಳ ಥಂಡಿ ಅಂತಲ್ರಿ? ಆಕಿಗೆ ಗಾಳಿ ತಾಕಿದ್ರ ಕಿವಿ ನೋಯ್ತದ. ಕಿವಿ ಕಟ್ಟಬೇಕಾಗ್ತದ.”

“ಕಟ್ತೀನಿ,” ಎಂದ ಮಾರ್ತಾಂಡ. ಅರ್ಜಿಯ ಮಾತು ಹಾಗೇ ಉಳಿಯಿತು.

ಮಾರ್ಚಿನಲ್ಲಿ ಶಾಮಲಾ ತೀರಿಕೊಂಡಳು.

ಸ್ಪಾನ್ಸರ್ ಮಾಡುವವನು ಕೆನಡಾದಲ್ಲೇ ವಾಸವಿರಬೇಕು. ಹಾಗಾಗಿ ತಾಯಿಯನ್ನು ಕಳೆದುಕೊಂಡ ಹುಡುಗಿಯನ್ನು ತಿಂಗಳೊಳಗೆ ಬಿಟ್ಟು ಅವನು ಮತ್ತೆ ಹೊರಡಬೇಕಾಯಿತು. “ಒಂದು ಆರು ತಿಂಗಳು ತಡಿ, ಆಮ್ಯಾಲೆ ನೀನೂ ಅಲ್ಲೇ,” ಎಂದು ಮಗಳಿಗೆ ಹೇಳಿದ. ಹನ್ನೊಂದರ ಅನುಜಾ ತಲೆಯಾಡಿಸಿದಳು. ಅವಳು ಮಾತನ್ನು ಪೂರ್ತಿ ನಂಬಿದ್ದಳು. ಅರ್ಜಿ ಹೋಯಿತು, ಅವಳ ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಆಯಿತು. ದೀಪಾವಳಿಯ ಹೊತ್ತಿಗೆ ಅವಳು ತನ್ನ ಸೈಕಲ್ಲನ್ನು ಕೆಳಗಿನ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳೆಂದು ರಂಗೂಬಾಯಿ ಫೋನಿನಲ್ಲಿ ನಗುತ್ತ ಹೇಳಿದರು.

ಎರಡು ಸಾವಿರದ ಎಂಟರ ಫೆಬ್ರುವರಿಯಲ್ಲಿ ದಿಲ್ಲಿಯ ವೀಸಾ ಕಚೇರಿಯಿಂದ ಲಕೋಟೆ ಬಂತು. ಅದರ ಮೇಲಿದ್ದದ್ದು ಅನುಜಾಳ ಹೆಸರು, ಒಡೆದವಳೂ ಅವಳೇ. ಇಂಗ್ಲಿಷ್ ಶಾಲೆಯ ಹುಡುಗಿ, ಯಾರೂ ಓದಿ ಹೇಳಬೇಕಾಗಿರಲಿಲ್ಲ. ಮಾರ್ತಾಂಡನ ಫೋನು ಬರುವವರೆಗೆ ಎರಡು ದಿನ ಅಜ್ಜಿಗೂ ಹೇಳದೆ ಅದನ್ನು ಶಾಲೆಯ ಚೀಲದಲ್ಲೇ ಇಟ್ಟುಕೊಂಡಿದ್ದಳು.

“ಅಪ್ಪಾ, ಬರಂಗಿಲ್ಲ ಅಂತ ಬರದಾರ,” ಎಂದಳು. “ನೀವು ಮೊದಲ ಅಲ್ಲಿ ಹೋದಾಗ ನನ್ನ ಹೆಸರು ಹೇಳಿರಲಿಲ್ಲಂತ. ನನ್ನ ತಪಾಸಣಿ ಆಗಿರಲಿಲ್ಲಂತ. ಅದಕ್ಕ ನಾನು ನಿಮ್ಮ ಕುಟುಂಬದಾಗ ಬರಂಗಿಲ್ಲಂತ. ಅವರು ತಪ್ಪು ಬರದಾರೇನು?”

ಮಾರ್ತಾಂಡ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

“ಮಕ್ಕಳು ಇದ್ದಾರೇನು ಅಂತ ಕೇಳಿದ್ರೇನು ಅವರು?”

“ಕೇಳಿದ್ರು.”

“ನೀವು ಏನಂದ್ರಿ?”

“ಇಲ್ಲ ಅಂದೆ, ಪುಟ್ಟಿ. ಆವಾಗ ನಿಮ್ಮವ್ವ...”

“ಅಜ್ಜಿಗೆ ಕೊಡ್ತೀನಿ,” ಎಂದು ಅನುಜಾ ಫೋನು ದಾಟಿಸಿದಳು.

ಮರುದಿನವೇ ಮಾರ್ತಾಂಡ ವಕೀಲರನ್ನು ಹುಡುಕಿಕೊಂಡು ಹೋದ. ನಡುವಯಸ್ಸಿನ ಹೆಣ್ಣುಮಗಳು, ಒಳ್ಳೆಯ ಮನಸ್ಸಿನವರು, ಪತ್ರವನ್ನು ಎರಡು ಸಲ ಓದಿದರು. ಇಳಿಯುವಾಗ ತೋರಿಸದ, ಪರೀಕ್ಷೆಯಾಗದ ಮಗುವನ್ನು ಆಮೇಲೆ ಕುಟುಂಬವೆಂದು ಕರೆಸಿಕೊಳ್ಳಲು ಕಾನೂನು ಬಿಡುವುದಿಲ್ಲ, ಮೇಲ್ಮನವಿ ಹಾಕಿದರೂ ಕರುಣೆಯ ಮಾತು ಅಲ್ಲಿ ನಡೆಯುವುದಿಲ್ಲ ಎಂದರು. ಮಾನವೀಯ ನೆಲೆಯಲ್ಲಿ ಬೇರೆ ಅರ್ಜಿ ಹಾಕಬಹುದು. ಅದಕ್ಕೆ ಎರಡು ವರ್ಷವೂ ಆದೀತು, ಆಗುತ್ತದೆಂಬ ಭರವಸೆ ಇಲ್ಲ, ಅಲ್ಲಿಯವರೆಗೆ ನೀವು ಇಲ್ಲೇ ಇರುವುದು ಒಳ್ಳೆಯದು. ಸುಳ್ಳು ಹೇಳಿ ಬಂದಿರಿ ಎಂದು ನಿಮ್ಮ ಕಾಯಂ ನಿವಾಸದ ಹಕ್ಕನ್ನೇ ಕೆದಕಿದರೂ ಕೆದಕಬಹುದು.

“ಅವತ್ತು ಇಳಿದಾಗ ಹೇಳಿದ್ದರೆ?” ಎಂದು ಕೇಳಿದ.

ವಕೀಲೆ ಪತ್ರವನ್ನು ಮಡಚಿ ಅವನತ್ತ ಸರಿಸಿದರು. “ಮಗಳಿದ್ದಾಳೆ, ತಾಯಿ ಪರೀಕ್ಷೆಗೆ ಬಿಡುತ್ತಿಲ್ಲ ಎಂದು ಅರ್ಜಿಯಲ್ಲೇ ಬರೆಯಬಹುದಿತ್ತು. ಕೊನೆಗೆ ಆ ಅಧಿಕಾರಿಗೆ ಹೇಳಿದ್ದರೂ ಏನಾದರೂ ದಾರಿ ತೋರಿಸುತ್ತಿದ್ದರು. ಅವತ್ತು ಸ್ವಲ್ಪ ತೊಂದರೆಯಾಗುತ್ತಿತ್ತು. ಇಂದಿನಷ್ಟಲ್ಲ.”

ಆ ಮಾತು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ಸಲ ಅನಿಸಿದೆ.

ಇನ್ನೂ ಎರಡು ವರ್ಷ ಮಗಳಿಂದ ದೂರ ಇರಲಾಗದು ಎಂದು, ಆ ಅರ್ಜಿ ಹಾಕದೆಯೇ ಹದಿನೈದು ದಿನದಲ್ಲಿ ಕೋಣೆ ಖಾಲಿ ಮಾಡಿ ಪುಣೆಗೆ ಬಂದ. ಕ್ಯಾಂಪಿಗೆ ಹೋಗಿ ನೋಡಿದರೆ ಪ್ರಲ್ಹಾದನ ಕಚೇರಿ ಇದ್ದಲ್ಲಿ ಕನ್ನಡಕದ ಅಂಗಡಿ. ಅವನು ಎಲ್ಲಿ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಸಿಕ್ಕಿದ್ದರೂ ಏನು ಕೇಳುತ್ತಿದ್ದನೋ, ಅದೂ ಗೊತ್ತಿರಲಿಲ್ಲ. ಸಹಿ ತನ್ನದೇ.

ಬಿಬವೇವಾಡಿಯಲ್ಲಿ ರಂಗೂಬಾಯಿಯ ಮನೆಯಿಂದ ಎರಡು ಗಲ್ಲಿ ಆಚೆ ಬಾಡಿಗೆಗೆ ಮನೆ ಹಿಡಿದ. ಹಳೆಯ ಕಾರ್ಖಾನೆಯವರು ಮೊದಲಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಲಸಕ್ಕೆ ತೆಗೆದುಕೊಂಡರು. ಅನುಜಾ ಅವನ ಮನೆಗೆ ಬಂದಿರಲು ಒಪ್ಪಲಿಲ್ಲ. ಜಗಳವಾಡಲಿಲ್ಲ, ಅಳಲೂ ಇಲ್ಲ. “ಅಜ್ಜಿ ಒಬ್ಬಾಕಿನೇ ಆಗ್ತಾಳ,” ಎಂದಳು, ಅಷ್ಟೇ. ಅವನೇ ದಿನಾ ಸಂಜೆ ಅಲ್ಲಿಗೆ ಹೋಗುತ್ತಿದ್ದ. ಹೊಸ ಸೈಕಲ್ ತಂದುಕೊಟ್ಟ. ಅದು ಮಹಡಿ ಮೆಟ್ಟಿಲ ಕೆಳಗೆ ನಿಂತೇ ಇರುತ್ತಿತ್ತು.

ಎರಡು ಸಾವಿರದ ಒಂಬತ್ತರ ಏಪ್ರಿಲಿಗೆ ಲೆಕ್ಕ ಹಾಕಿ ನೋಡಿದ. ಕಾರ್ಡಿನ ಐದು ವರ್ಷ ಸಪ್ಟೆಂಬರಿಗೆ ಮುಗಿಯುತ್ತದೆ. ಎರಡು ವರ್ಷಕ್ಕೆ ನೂರಾ ಹತ್ತು ದಿನ ಕಡಿಮೆ ಬೀಳುತ್ತದೆ. ಮೇ ತಿಂಗಳಲ್ಲಿ ಹೋದರೆ ಅದು ತುಂಬುತ್ತದೆ, ಮಾನವೀಯ ಅರ್ಜಿಯನ್ನೂ ಹಾಕಬಹುದು. ಹೋಗದಿದ್ದರೆ ಅವನ ಹಾದಿಯೂ ಮುಚ್ಚಿತು, ಅವಳ ಹಾದಿಯೂ. ಆದರೆ ರಂಗೂಬಾಯಿಗೆ ಈಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಹಾಲು ಉಕ್ಕಿ ಒಲೆ ಆರಿದರೂ ತಿಳಿಯುತ್ತಿರಲಿಲ್ಲ. “ನೋಡ್ರಿ ಮಾರ್ತಾಂಡರಾವ, ನೀವು ಹೋಗ್ತೀನಿ ಅಂದ್ರ ನಾನು ಬ್ಯಾಡ ಅನ್ನಂಗಿಲ್ಲ,” ಎಂದರು ಆಕೆ. “ಆದ್ರ ಇನ್ನ ಎರಡು ವರ್ಷ ನಾನು ಕಾಯ್ತೀನಿ ಅಂತ ಹ್ಯಾಂಗ ಹೇಳಲಿ?”

ಅವನು ಮಗಳನ್ನೇ ಕೇಳಿದ. ಹೋಗಲೇ, ಇರಲೇ, ನೀನೇ ಹೇಳು ಎಂದ.

ಅನುಜಾ ಪುಸ್ತಕದಿಂದ ತಲೆ ಎತ್ತಿದಳು. ಹದಿಮೂರಕ್ಕೆ ಅವಳ ಮುಖ ಥೇಟ್ ಶಾಮಲಾಳದಾಗಿತ್ತು. “ನನ್ನ ಕೇಳಬ್ಯಾಡ್ರಿ. ಹೋಗ್ರಿ ಅಂದ್ರ, ನೀನೇ ಕಳಿಸಿದಿ ಅಂತೀರಿ. ಇರ್ರಿ ಅಂದ್ರ, ನಿನ್ನ ಸಲುವಾಗಿ ಬಿಟ್ಟೆ ಅಂತೀರಿ.”

ಅವನು ಮೇ ತಿಂಗಳ ಟಿಕೀಟನ್ನು ಜೂನಿಗೆ ಮುಂದೂಡಿದ. ಜೂನಿನಲ್ಲಿ ರಂಗೂಬಾಯಿಯ ಕಣ್ಣಿನ ಶಸ್ತ್ರಕ್ರಿಯೆ, ಅನುಜಾಳ ಶಾಲೆ ಶುರು. ಆಮೇಲೆ ಹೋದರೂ ದಿನ ತುಂಬುತ್ತಿರಲಿಲ್ಲ. ಬಿಟ್ಟುಬಿಡೋಣ ಎಂದು ಅವನು ನಿರ್ಧರಿಸಿದ್ದೇನೂ ಇಲ್ಲ. ಟಿಕೀಟು ರದ್ದು ಮಾಡಿಸಿದ, ಅಷ್ಟೇ.

ಸಪ್ಟೆಂಬರಿನಲ್ಲಿ ಕಾರ್ಡಿನ ಅವಧಿ ಮುಗಿದ ದಿನವೂ ಅವನು ಕೆಲಸಕ್ಕೆ ಹೋಗಿ ಬಂದ. ಸಂಜೆ ಕಂಪನಿ ಬಸ್ಸಿಳಿದು, ಎಂದಿನಂತೆ ರಂಗೂಬಾಯಿಯ ಮನೆಗೆ ನಡೆದ. ಅನುಜಾ ನೆಲದ ಮೇಲೆ ಕೂತು ರೇಖಾಗಣಿತ ಮಾಡುತ್ತಿದ್ದಳು. ಈ ದಿನ ಯಾವುದೆಂದು ಅವಳಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯ ಅವನಿಗಾಗಲಿಲ್ಲ.

“ಅಜ್ಜಿ ಈಗ ಮಲಗ್ಯಾಳ. ಸಪ್ಪಳ ಮಾಡಬ್ಯಾಡ್ರಿ,” ಎಂದಳು ಅವಳು, ತಲೆ ಎತ್ತದೆ.

ಮಾರ್ತಾಂಡ ಚಪ್ಪಲಿ ಕಳಚಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಸದ್ದಿಲ್ಲದೆ ಕೂತ.