ಬೀಗ ಹಾಕಿಟ್ಟ ಕಡ್ಡಿ

ಫ್ಲಾಸ್ಕಿನಿಂದ ಬಾದಾಮಿ ವಾಸನೆ ಬಂದದ್ದೇ ತಡ, ಗಾರ್ಗಿಗೆ ಮೈ ಉರಿಯಿತು. ಅದರಲ್ಲಿ ಅವಳು ಹಾಕಿದ್ದು ಬೆಂಜೈಲ್ ಆಲ್ಕೋಹಾಲ್ ಮತ್ತು ಬರೀ ಕಾರ್ಬನ್ ನ್ಯಾನೋಟ್ಯೂಬ್ ಪುಡಿ. ಪಲ್ಲಾಡಿಯಂ ಲೋಹ ಸೇರದೆ ಆ ಆಲ್ಕೋಹಾಲ್ ಹೀಗೆ ಬದಲಾಗಿ ಬಾದಾಮಿ ವಾಸನೆ ಬೀರಕೂಡದು. ಗ್ರೀನ್‌ಫರ್ಡಿನ ಆ ಲ್ಯಾಬಿನಲ್ಲಿ ಅವಳ ಜೊತೆಗಿದ್ದವನು ಸಹಾಯಕ ಋಷಿಕೇಶ್ ಒಬ್ಬನೇ.

“ಕದ್ದು ಪಲ್ಲಾಡಿಯಂ ಬೆರೆಸಿದ್ದು ನೀನೇ ತಾನೆ?” ಎಂದು ಎಗರಿಬಿದ್ದಳು.

“ಕಲಕೋಕೆ ಯಾವ ಮ್ಯಾಗ್ನೆಟ್ ಕಡ್ಡಿ ಹಾಕಿದ್ರಿ?” ಎಂದ ಅವನು.

“ನನ್ನದೇ! ನಿಮ್ಮನ್ನೆಲ್ಲ ನಂಬೋಕಾಗತ್ತಾ? ಮೊದಲಿಂದಲೂ ಇದೊಂದನ್ನೇ ಬೀಗ ಹಾಕಿಟ್ಕೊಂಡು ಬಳಸ್ತಿದೀನಿ,” ಎನ್ನುತ್ತಾ ಚಿಮಟದಿಂದ ಅದನ್ನೆತ್ತಿ ಅವನ ಮುಖಕ್ಕೆ ಹಿಡಿದಳು.

ಬಿಳಿ ಕಡ್ಡಿಯ ಗೀರುಗಳಲ್ಲಿ ಹಳೆಯ ಪ್ರಯೋಗಗಳ ಪಲ್ಲಾಡಿಯಂ ಕಪ್ಪಗೆ ಕಚ್ಚಿಕೊಂಡಿತ್ತು.

ಗಾರ್ಗಿಯ ಕೈ ಹಾಗೇ ನಿಂತಿತು. ಚಿಟಿಕೆ ಪಲ್ಲಾಡಿಯಂನಲ್ಲೇ ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುತ್ತದೆಂದು ಅವಳಿಗೆ ಹೆಸರು ತಂದ ಕ್ಯಾಟಲಿಸ್ಟನ್ನೂ ಕಲಕಿದ್ದು ಇದೇ ಕಡ್ಡಿ. ಅವತ್ತು ಕೆಲಸ ಮಾಡಿದ್ದು ಕ್ಯಾಟಲಿಸ್ಟೋ, ಕಡ್ಡಿಯೋ?