ನವಿಲು ಬಣ್ಣದ ಕಾಲಾಣೆ

ಒಂದು ಕಣ್ಣು ಮುಚ್ಚಿ, ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಸಿಕ್ಕಿಸಿ, ರೋಹಿತ ತನ್ನ ಖಾಲಿ ಬೆರಳುಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಹೆಣದ ಸುತ್ತ ಕೂತವರಿಗೂ ನಗು ತಡೆಯಲಾಗಲಿಲ್ಲ.

"'ಹಂಗ ನೆಟ್ಟಗ ನೋಡಬ್ಯಾಡ್ರಿ. ಓರೆ ಮಾಡ್ರಿ. ಇನ್ನೊಂದು ಚೂರು. ಹಾಂ, ಈಗ ಕಂಡಿತು ನೋಡ್ರಿ,'" ಎಂದ, ಸತ್ತ ಭಾವನ ಮೂಗಿನ ಧ್ವನಿಯಲ್ಲೇ.

"ಏನ್ ಕಂಡಿತ್ರಿ?" ಪಕ್ಕದ ಮನೆಯವರು ಕೇಳಿದರು.

"ಕಿಲುಬು."

ಶಿವಪ್ಪ ಮಾತ್ರ ನಗಲಿಲ್ಲ. ಹಣೆ ತುಂಬ ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಆನಿಸಿ ಕೂರಿಸಿದ್ದರು. ಬದುಕಿದ್ದಾಗಲೂ ಹೆಂಡತಿಯ ತಮ್ಮನ ಜೋಕಿಗೆ ಅವರು ನಕ್ಕವರಲ್ಲ. ಮೂವತ್ತೈದು ವರ್ಷ ಈ ಮರಾಠಿ ಊರಿನ ಕ್ಯಾಂಪ್ ಬಡಾವಣೆಯ ಒಂದು ಕಚೇರಿಯಲ್ಲಿ ಟಪಾಲು ಗುಮಾಸ್ತರಾಗಿದ್ದು, ಅದೇ ಕುರ್ಚಿಯಿಂದ ನಿವೃತ್ತರಾಗಿ, ಧನಕವಡಿಯ ಈ ಎರಡು ಕೋಣೆಯ ಮನೆಯಲ್ಲಿ ಕಪ್ಪು ನಾಣ್ಯ ನೋಡುತ್ತಾ ಕೂತವರು. ಇಷ್ಟೇ ಅವರ ಚರಿತ್ರೆ ಎಂದು ಬಂದವರೆಲ್ಲ ಬೆಳಗಿನ ಚಹಾದ ಮೊದಲೇ ತೀರ್ಮಾನಿಸಿದ್ದರು.

ಮಗಳು ರೇಣು ಪಾಲಿಕೆ ಕಚೇರಿಯಿಂದ ಮಣ್ಣು ಮಾಡುವ ಪಾಸು ತರಲು ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತಾ ಒಳಗೆ ತಿರುಗಿದಳು.

"ಅವ್ವಾ, ಅಪ್ಪನ ಡಬ್ಬಿಗೆ ಯಾರೂ ಕೈ ಹಚ್ಚಬಾರದು. ಅದರಾಗಿನ ನವಿಲು ನನಗ ಬೇಕು. ಬ್ಯಾರೆ ಏನೂ ಬ್ಯಾಡ."

"ಹೋಗಿ ಬಾರವಾ," ಎಂದಳು ನಾಗವ್ವ. "ಆ ಕಸಾ ಯಾರು ಮುಟ್ಟತಾರ?"

ಹನ್ನೊಂದಕ್ಕೆ ವ್ಯಾನ್ ಬಂತು. ರೇಣು ಫೋನು ಮಾಡಿ, ಪಾಸು ಕೈಗೆ ಬಂತು, ನೀವು ಹೊರಡಿ, ದಾರಿಯಲ್ಲಿ ಕೂಡಿಕೊಳ್ಳುತ್ತೇನೆ ಎಂದಳು. ಬೈಲಹೊಂಗಲದಿಂದ ರಾತ್ರಿ ಬಸ್ಸಿಗೆ ಬಂದಿದ್ದ ರೇಣುವಿನ ದೊಡ್ಡಪ್ಪ ಚುರುಮುರಿಯ ಚೀಲದೊಳಗೆ ಕೈ ಆಡಿಸಿ ಹುಬ್ಬು ಗಂಟಿಕ್ಕಿದರು.

"ಚಿಲ್ಲರ ಎಲ್ಲೈತಿ? ಹೆಣದ ಮುಂದ ಚುರುಮುರಿ ಜೋಡಿ ಚಿಲ್ಲರ ತೂರಬೇಕಲ್ಲ?"

ಗಂಡಸರೆಲ್ಲ ಜೇಬು ಮುಟ್ಟಿಕೊಂಡರು. ಐದು ಜೇಬಿನಿಂದ ಐದು ಫೋನು ಬಂದವು.

"ಫೋನ್ ತೂರತೀರೇನ್ರೋ?"

ರೋಹಿತ ಕೆಳಗಿನ ಪಾನ್ ಅಂಗಡಿಗೆ ಓಡಿದ. ಅಂಗಡಿಯವನು ಸ್ಕ್ಯಾನ್ ಮಾಡುವ ಫಲಕ ತೋರಿಸಿ ಕೈ ಅಲ್ಲಾಡಿಸಿದ. ರೋಹಿತ ಮೇಲೆ ಬಂದು ಕಪಾಟಿನ ಕಡೆ ನೋಡಿದ.

"ರೇಣು ಬ್ಯಾಡ ಅಂದಾಳ," ಎಂದಳು ನಾಗವ್ವ, ಸೆರಗಿನ ತುದಿಯಿಂದ ಕೀಲಿ ಬಿಚ್ಚುತ್ತಾ.

"ಅಕಿ ಕೇಳಿದ್ದು ನವಿಲೊಂದ ಅಲ್ಲನಕ್ಕಾ? ತಗದ ಇಡೂಣು."

ಡಬ್ಬಿಯೊಳಗಿನ ಖಾಕಿ ಲಕೋಟೆಗಳನ್ನು ಒಂದೊಂದಾಗಿ ಹರಿದು ಕೊಡವಿದರು. ತಾಮ್ರದ ಹಳೆಯ ಕಾಲಾಣೆಗಳು ಇದ್ದಿಲ ಚೂರುಗಳಂತೆ ಹಾಸಿಗೆಯ ಮೇಲೆ ಬಿದ್ದವು. ಒಂದು ಮಾತ್ರ ಲಕೋಟೆಯಲ್ಲಿರಲಿಲ್ಲ. ಅದಕ್ಕೆ ಬೇರೆಯೇ ಗಾಜಿನ ಡಬ್ಬಿ. ಅದರೊಳಗೆ ಅದು ಆಗಷ್ಟೇ ತಿಕ್ಕಿದ ತಂಬಿಗೆಯಂತೆ ಫಳಫಳ ಹೊಳೆಯುತ್ತಿತ್ತು.

"ಇದ ನೋಡು ನವಿಲು," ಎಂದ ರೋಹಿತ. "ಉಳಿದವೆಲ್ಲಾ ಕಾಗಿ."

"ಹೌದು. ಎಷ್ಟ ಜ್ವಾಪಾನ ಮಾಡತಿದ್ರು ಇದನ್ನ," ಎಂದು ನಾಗವ್ವ ಮೊದಲ ಬಾರಿಗೆ ಕಣ್ಣೊರೆಸಿಕೊಂಡಳು. "ನಾನ ತಿಕ್ಕಿದ್ದದು."

ರೋಹಿತ ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ. ಕಾಗೆಗಳನ್ನೆಲ್ಲ ಚುರುಮುರಿಗೆ ಸುರಿದ.

"ನಡೀತಾವೇನೋ ಇವು?" ದೊಡ್ಡಪ್ಪ ಅನುಮಾನಪಟ್ಟರು.

"ತೂರಾಕ ಯಾವುದಾದರೇನ್ರಿ ದೊಡ್ಡಪ್ಪಾ?"

*

ರೇಣುವಿಗೆ ಹನ್ನೆರಡು ವರ್ಷವಿದ್ದಾಗ, ಒಂದು ದೀಪಾವಳಿಗೆ, ಮೇಜಿನ ಮೇಲಿದ್ದ ಕಾಲಾಣೆಯೊಂದನ್ನು ನಾಗವ್ವ ತಂಬಿಗೆ, ದೀಪದ ಸಮೆಗಳ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದಳು. ಕಚೇರಿಯಿಂದ ಬಂದ ಶಿವಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಅದಕ್ಕೊಂದು ಗಾಳಿಯಾಡದ ಗಾಜಿನ ಡಬ್ಬಿ ತಂದರು.

"ಹಾಳಾಗಿದ್ದಕ್ಕ ಡಬ್ಬಿ ಯಾಕಪ್ಪಾ?"

"ಬಂದವರಿಗೆ ತೋರಸಾಕ. ಇದನ್ನ ಹೊಗಳಿದವರಿಗೆ ಎರಡನೇ ಚಹಾ ಇಲ್ಲ."

ಅವರಿಗೂ ಜನರ ಮೇಲೆ ತಾತ್ಸಾರ ಕಡಿಮೆಯೇನಿರಲಿಲ್ಲ. ರೋಹಿತ ಬಂದಾಗಲೆಲ್ಲ ಅದನ್ನೇ ಹೊಗಳುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನಿಗೆ ಈ ಮನೆಯಲ್ಲಿ ಎರಡನೇ ಚಹಾ ಸಿಕ್ಕಿರಲಿಲ್ಲ. ಅಕ್ಕನ ಮನೆಯಲ್ಲಿ ಹಾಲಿಗೆ ಬರ ಎಂದೇ ತಿಳಿದಿದ್ದ.

ಡಬ್ಬಿ ತಂದ ಆ ದಿನವೇ ಶಿವಪ್ಪ ಮಗಳ ಬೆರಳಿಗೆ ಬೇರೊಂದು ಕಾಲಾಣೆ ಕೊಟ್ಟರು. ಒಂದು ಮಗ್ಗುಲಲ್ಲಿ ರಾಣಿಯ ತಲೆ. ನೆಟ್ಟಗೆ ಹಿಡಿದರೆ ಬರೀ ಕಪ್ಪು.

"ಓರೆ ಮಾಡು. ಇನ್ನೊಂದು ಚೂರು."

ಅಂಚಿನಲ್ಲಿ ಮೊದಲು ಜೇನಿನ ಬಣ್ಣ ಬಂತು. ಆಮೇಲೆ ನೇರಳೆ. ಆಮೇಲೆ ರಾಣಿಯ ಕೆನ್ನೆಯ ಮೇಲೆ ನವಿಲಿನ ಕೊರಳಿನ ನೀಲಿ ಹರಡಿ, ನಾಣ್ಯ ಅಲುಗಿದೊಡನೆ ಆರಿಹೋಯಿತು.

"ಇದನ್ನ ಯಾರು ಮಾಡಿದ್ರಪ್ಪಾ?"

"ಯಾರೂ ಮಾಡಿಲ್ಲ. ನೂರು ವರ್ಷ ಲಕೋಟಿಯೊಳಗ ಸುಮ್ಮನ ಕುಂತಿತ್ತು, ಯಾರೂ ತಿಕ್ಕಲಿಲ್ಲ. ಅಷ್ಟ." ಅದನ್ನು ಮತ್ತೆ ಲಕೋಟೆಗೆ ಸೇರಿಸಿ ಹೇಳಿದರು, "ನನ್ನ ಹಿಂದ ಇದು ನಿನಗ."

*

ವ್ಯಾನ್ ಆಮೆಯಂತೆ ಹೊರಟಿತು. ಮುಂದೆ ರೋಹಿತ, ಮದುವೆಯಲ್ಲಿ ಅಕ್ಷತೆ ಹಾಕುವವನ ಉತ್ಸಾಹದಲ್ಲಿ ತೂರುತ್ತಾ ನಡೆದ. ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳು ಒಂದನ್ನು ಎತ್ತಿ, ತಿರುಗಿಸಿ ನೋಡಿ, "ಕಾಳೀ ಪಡಲೀತ್, ಚಾಲಣಾರ್ ನಾಹೀತ್" ಎಂದು ಮರಾಠಿಯಲ್ಲಿ ಗೊಣಗಿ ಮತ್ತೆ ರಸ್ತೆಗೇ ಎಸೆದಳು. ಕಪ್ಪಾದ, ನಡೆಯದ ಕಾಸು ಅವಳಿಗೂ ಬೇಡವಾಗಿತ್ತು.

ದೊಡ್ಡ ರಸ್ತೆಯ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಚೀಲ ಖಾಲಿ. ಅಲ್ಲಿ ರಿಕ್ಷಾದಿಂದ ರೇಣು ಇಳಿದಳು. ಜೊತೆಗೆ ಕ್ಯಾಂಪಿನಲ್ಲಿ ಹಳೆಯ ನಾಣ್ಯಗಳ ಅಂಗಡಿ ಇಟ್ಟಿದ್ದ ದೇವದಾಸ್, ಶಿವಪ್ಪನವರ ಒಬ್ಬನೇ ಸ್ನೇಹಿತ. ದೇವದಾಸರ ಬೂಟಿನ ಕೆಳಗೆ ಏನೋ ಕಿರುಗುಟ್ಟಿತು. ಬಗ್ಗಿ ಎತ್ತಿಕೊಂಡರು. ಬಿಸಿಲಿಗೆ ಓರೆ ಮಾಡಿದರು. ಅಲ್ಲೇ ಡಿವೈಡರಿನ ಮೇಲೆ ಕೂತುಬಿಟ್ಟರು.

"ಇವನ್ನ ಯಾರು ತೂರಿದ್ರಿ?"

"ನಾನ್ರಿ," ಎಂದ ರೋಹಿತ, ಶಹಬ್ಬಾಸ್ ನಿರೀಕ್ಷಿಸುತ್ತಾ. ಜೇಬಿನಿಂದ ಕರವಸ್ತ್ರ ತೆಗೆದ. "ತಗೋ ರೇಣು, ನಿನ್ನ ನವಿಲು. ಕಳೀಬಾರದಂತ ನಾನ ಇಟಗೊಂಡಿದ್ದೆ."

ರೇಣು ಗಂಟು ಬಿಚ್ಚಿದಳು. ನೋಡಿದಳು. ಮತ್ತೆ ಹಾಗೇ ಸುತ್ತಿ ಅವನ ಕೈಗಿಟ್ಟಳು.

"ಇದು ಹುಣಸಿಹಣ್ಣಿಂದು, ಮಾವಾ. ನವಿಲು ಎಲ್ಲೈತಿ?"

ಅವನು ಬಂದ ದಾರಿಯನ್ನು ತಿರುಗಿ ನೋಡಿದ. ಅಷ್ಟುದ್ದಕ್ಕೂ ಚುರುಮುರಿ ಬಿದ್ದಿತ್ತು.

"ಆ ಒಂದಕ್ಕ ಮುಂಬೈದವರು ಹೊಸ ಸ್ಕೂಟರಿನ ಬೆಲಿ ಕೊಡತೀವಿ ಅಂದಿದ್ರು," ಎಂದರು ದೇವದಾಸ್. "ಶಿವಪ್ಪನವರು ಎರಡನೇ ಚಹಾನೂ ಕೊಡದ ಕಳಿಸಿದ್ರು."

ಮೊದಲು ರೋಹಿತ ಪಂಚೆ ಮೇಲೆ ಕಟ್ಟಿದ.

"ಹೆಣಾ ನಡುದಾರಿಯೊಳಗ ನಿಲ್ಲಸಬಾರದೋ," ಎಂದು ದೊಡ್ಡಪ್ಪ ಗದರಿದರು. ಆಮೇಲೆ ದೇವದಾಸರ ಕಿವಿಯ ಹತ್ತಿರ ಬಾಗಿ, "ಉಳಿದವಕ್ಕೂ ಏನರ ಬರತೈತೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೋಲೂರಿ ಬಗ್ಗಿದರು.

ಬೆಳಿಗ್ಗೆ ನಕ್ಕವರೆಲ್ಲ ರಸ್ತೆಗಿಳಿದರು. ಎಸೆದದ್ದನ್ನೇ ಆಯತೊಡಗಿದರು. ಆಯ್ದದ್ದನ್ನು ಉಗುಳು ಹಚ್ಚಿ ಅಂಗಿಗೆ ತಿಕ್ಕಿ ನೋಡತೊಡಗಿದರು. "ತಿಕ್ಕಬ್ಯಾಡ್ರಿ," ಎಂದು ದೇವದಾಸ್ ಒಂದೇ ಸಮನೆ ಹೇಳುತ್ತಿದ್ದರು. ವ್ಯಾನಿನಲ್ಲಿ ಶಿವಪ್ಪ ಒಬ್ಬರೇ ಕೂತಿದ್ದರು, ಹಾರ ಹಾಕಿಕೊಂಡು.

ಗಟಾರದ ಜಾಲರಿಯ ಅಂಚಿನಿಂದ ರೋಹಿತ ಒಂದನ್ನು ಹೆಕ್ಕಿದ. ರಾಣಿಯ ತಲೆ. ನೆಟ್ಟಗೆ ಹಿಡಿದ, ಬರೀ ಕಪ್ಪು. ಒಂದು ಕಣ್ಣು ಮುಚ್ಚಿದ. ನಾಲಗೆಯ ತುದಿ ತಾನಾಗಿಯೇ ಹಲ್ಲುಗಳ ನಡುವೆ ಬಂದು ಕೂತಿತು. ಕತ್ತು ಬಲಕ್ಕೆ ವಾಲಿತು.

ಈ ಸಲ ಯಾರೂ ನಗಲಿಲ್ಲ.

ರೇಣು ಅವನ ಮುಂದೆ ಬಂದು ಅಂಗೈ ಚಾಚಿದಳು. ಹಸಿರು ದೀಪ ಬಿತ್ತು. ಹಿಂದಿನಿಂದ ಬಸ್ಸುಗಳು ಹಾರ್ನ್ ಹೊಡೆದವು. ಅವನಿಗೆ ಯಾವುದೂ ಕೇಳಿಸಲಿಲ್ಲ. ಕಾಲಾಣೆಯನ್ನು ಬಿಸಿಲಿಗೆ ಇನ್ನೊಂದು ಚೂರು ಓರೆ ಮಾಡಿದ.